3 ಎಕರೆ ಅಡಿಕೆ ತೋಟಕ್ಕೆ ಎಷ್ಟು ಎಚ್‌ಪಿ ಟ್ರ್ಯಾಕ್ಟರ್?

ಅಣ್ಣಾ, 3 ಎಕರೆ ಅಡಿಕೆ, 9 ಅಡಿ ಅಂತರ, 24 ಎಚ್‌ಪಿ ಸಾಕಾ 45 ಬೇಕಾ ಅಂತ ಕೇಳಿದ್ರಲ್ಲ, ಕಣ್ಮುಚ್ಕೊಂಡು 24ಕ್ಕೇ ಹೋಗಿ. ಎಚ್‌ಪಿಗಿಂತ ಮೊದ್ಲು ಗಾಡಿ ಅಗಲ ನೋಡ್ಬೇಕು, 24ರ ಮಿನಿ ಟ್ರ್ಯಾಕ್ಟರ್ ಆದ್ರೆ ನಾಲ್ಕಡಿ ಆಸುಪಾಸು, 45ರ ದೊಡ್ಡದು ಐದೂವರೆ ಆರಡಿ ಬರತ್ತೆ, ಸಾಲಿನ ತುದೀಲಿ ತಿರುಗಿಸುವಾಗ ಮಡ್‌ಗಾರ್ಡ್ ಮರಕ್ಕೆ ಉಜ್ಜತ್ತೆ, ಡ್ರಿಪ್ ಪೈಪಂತೂ ಉಳಿಯಲ್ಲ. ಕುಬೋಟಾ ನಿಯೋಸ್ಟಾರ್, ಮಹೀಂದ್ರಾ ಜಿವೋ ಎರಡ್ರಲ್ಲೂ ಈ ಸೈಜಿಗೆ ಫೋರ್ ವೀಲ್ ಡ್ರೈವ್, ಅಂದ್ರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗೋದು, ಸಿಗತ್ತೆ, ತೋಟದ ನೆಲ ಸದಾ ತೇವ ಇರೋದ್ರಿಂದ ಟೂ ವೀಲ್ ಡ್ರೈವ್ ಬೇಡ್ವೇ ಬೇಡ. ಹಿಂದೆ ಕಟ್ಟಿ ಮಣ್ಣು ಪುಡಿ ಮಾಡೋ ರೋಟವೇಟರ್ ಟೈರಿನ ಗುರುತು ಮುಚ್ಚೋಷ್ಟು ಅಗಲ ಇದ್ರೆ ಸಾಕು, ಬುಡದ ಹತ್ರ ಮಾತ್ರ ಆಳಕ್ಕೆ ಬಿಡ್ಬೇಡಿ, ಅಡಿಕೆ ಬೇರು ಮೇಲ್ಮೇಲೇ ಇರತ್ತೆ, ಕಡಿದ್ರೆ ಇಳುವರಿಗೇ ಹೊಡ್ತ. ದುಡ್ಡು ಕಟ್ಟೋ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ವಿಚಾರಿಸಿ. ಊರವರ ಹೊಲಕ್ಕೆ ಬಾಡಿಗೆ ಹೊಡೆಯೋ ಯೋಚನೆ ಇದ್ರೆ ಮಾತ್ರ 45 ನೋಡಿ.