ಓದುಗರ ಪ್ರಶ್ನೆ: ಸೊಸೈಟಿಯ ಕೆಲಸಕ್ಕೆ ವಿಶ್ವವಿದ್ಯಾನಿಲಯದ ಕ್ರೆಡಿಟ್

ಪ್ರಶ್ನೆ: ನಾನು ಉಡುಪಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದುತ್ತಿರುವ ಬಿ.ಎ. ವಿದ್ಯಾರ್ಥಿನಿ. ನಾಲ್ಕನೆಯ ಸೆಮಿಸ್ಟರ್ ಮುಗಿದ ಮೇಲೆ ಮಲ್ಪೆ ಸಮೀಪದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಆರು ವಾರ ಕೆಲಸ ಮಾಡಿದೆ. ಪಾಸ್‌ಬುಕ್ ಮುದ್ರಿಸುವುದು, ವೋಚರ್‌ಗಳನ್ನು ಜೋಡಿಸಿಡುವುದು, ಪಿಗ್ಮಿ ಸಂಗ್ರಾಹಕರು ಸಂಜೆ ತಂದೊಪ್ಪಿಸುವ ಹಣವನ್ನು ಪಟ್ಟಿಯೊಂದಿಗೆ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಸಂಘದವರು ಪ್ರಮಾಣಪತ್ರವನ್ನೂ ಕೊಟ್ಟರು. ಆದರೆ ಕಾಲೇಜಿನಲ್ಲಿ ಇದಕ್ಕೆ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಕೊಡಲು ಬರುವುದಿಲ್ಲ ಎಂದರು. ಬೇರೆ ಕಾಲೇಜಿನಲ್ಲಿರುವ ನನ್ನ ಗೆಳತಿಗೆ ಇಂಥದ್ದೇ ಕೆಲಸಕ್ಕೆ ಕ್ರೆಡಿಟ್ ಸಿಕ್ಕಿದೆ. ಇದು ನ್ಯಾಯವೇ?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ಕಾಲೇಜಿನವರು ಹೇಳಿದ್ದು ನಿಯಮದ ಪ್ರಕಾರ ಸರಿಯೇ, ಆದರೆ ನೀವು ಸಂಘದ ಮೆಟ್ಟಿಲು ಹತ್ತುವ ಮೊದಲೇ ಅದನ್ನು ಹೇಳಬೇಕಾಗಿತ್ತು, ಅಥವಾ ನೀವೇ ಹೋಗಿ ಕೇಳಬೇಕಾಗಿತ್ತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪದವಿ ಶಿಕ್ಷಣದ ಚೌಕಟ್ಟಿನಲ್ಲಿ ಮೂರು ವರ್ಷಗಳ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳಿದ್ದು, ಅವುಗಳಲ್ಲಿ 2ರಿಂದ 4 ಕ್ರೆಡಿಟ್‌ಗಳನ್ನು ಇಂಟರ್ನ್‌ಶಿಪ್‌ಗೆ ಇಡಲಾಗಿದೆ. ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕೆಲಸ. ದಿನಕ್ಕೆ ಏಳು ಗಂಟೆ, ವಾರಕ್ಕೆ ಆರು ದಿನ ಎಂದು ಹಿಡಿದರೆ ನೀವು 252 ಗಂಟೆ ದುಡಿದಿದ್ದೀರಿ. ನಾಲ್ಕು ಕ್ರೆಡಿಟ್‌ಗೆ ಬೇಕಾದ 120 ಗಂಟೆಗಳ ಎರಡು ಪಟ್ಟಿಗಿಂತಲೂ ಇದು ಹೆಚ್ಚು. ಹಾಗಿದ್ದೂ ಕ್ರೆಡಿಟ್ ಸಿಗದಿರಲು ಕಾರಣ, ಕೆಲಸ ಆರಂಭಿಸುವ ಮುನ್ನ ವಿಭಾಗದ ಒಪ್ಪಿಗೆ ಇರಲಿಲ್ಲ, ಕಾಲೇಜಿನಿಂದ ಒಬ್ಬ ಮಾರ್ಗದರ್ಶಕರು ನೇಮಕವಾಗಿರಲಿಲ್ಲ, ಏನನ್ನು ಕಲಿಯಲು ಅಲ್ಲಿಗೆ ಹೋಗುತ್ತಿದ್ದೀರಿ ಎಂಬುದು ಎಲ್ಲಿಯೂ ಬರಹದಲ್ಲಿರಲಿಲ್ಲ. ವರದಿಯನ್ನು ಓದಿ ಮೌಖಿಕ ಪರೀಕ್ಷೆ ನಡೆಸಿ ಅಂಕ ಕೊಡಬೇಕಾದ ಅಧ್ಯಾಪಕರಿಗೆ, ಹಾಜರಾತಿಯ ಪ್ರಮಾಣಪತ್ರವೊಂದನ್ನೇ ಮುಂದಿಟ್ಟುಕೊಂಡು ಅಂಕ ಕೊಡುವ ದಾರಿಯೇ ಇಲ್ಲ.

ಗೆಳತಿಯ ಮಾತಿಗೆ ಬರೋಣ. ಆಯೋಗದ್ದು ಚೌಕಟ್ಟು ಮಾತ್ರ. ಅದನ್ನು ಹೇಗೆ ಜಾರಿಗೆ ತರಬೇಕೆಂಬುದು ಆಯಾ ವಿಶ್ವವಿದ್ಯಾನಿಲಯದ ನಿಯಮಾವಳಿಗೆ ಬಿಟ್ಟದ್ದು. ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿಯೇ ಸಂಯೋಜಿತ ಕಾಲೇಜುಗಳು ವಿಶ್ವವಿದ್ಯಾನಿಲಯವಿರುವ ಕೊಣಾಜೆಯಿಂದ ಬಂದ ಪಠ್ಯಕ್ರಮವನ್ನು ಅನುಸರಿಸಿದರೆ, ಸ್ವಾಯತ್ತ ಕಾಲೇಜುಗಳು ತಮ್ಮದೇ ಅಧ್ಯಯನ ಮಂಡಳಿಯ ಮೂಲಕ ಪಠ್ಯಕ್ರಮವನ್ನು ರೂಪಿಸಿಕೊಳ್ಳುತ್ತವೆ. ಅದರ ಮೇಲೆ, ನಮ್ಮ ರಾಜ್ಯವು 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮವನ್ನು ತಂದು, 2024–25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿದ್ದರಿಂದ ಒಂದೇ ಕಾಲೇಜಿನ ಅಕ್ಕನಿಗೂ ತಂಗಿಗೂ ನಿಯಮ ಬೇರೆಯಾಗಿರಬಹುದು. ನೀವು ಯಾವ ವರ್ಷ ಪ್ರವೇಶ ಪಡೆದಿರೋ ಆ ವರ್ಷದ ನಿಯಮಾವಳಿಯನ್ನೇ ತೆಗೆಸಿ ಓದಿ. ಕಚೇರಿಯ ಕಿಟಕಿಯಲ್ಲಿ ಸಿಗುವ ಬಾಯಿಮಾತಿನ ಉತ್ತರವನ್ನು ನಂಬಿಕೊಂಡು ಕೂರಬೇಡಿ.

ನೀವು ಮಾಡಿದ ಕೆಲಸ ವ್ಯರ್ಥವಾಯಿತೆಂದು ಮಾತ್ರ ಭಾವಿಸಬೇಡಿ. ಪಿಗ್ಮಿ ಎಂಬ ಪದ್ಧತಿ ಹುಟ್ಟಿದ್ದೇ ನಿಮ್ಮ ಜಿಲ್ಲೆಯಲ್ಲಿ. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನದ ಪುಡಿಗಾಸನ್ನು ಸಂಗ್ರಹಿಸತೊಡಗಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿ ಉಳಿದಿದೆ. ನೀವು ಪ್ರತಿ ಸಂಜೆ ತಾಳೆ ನೋಡುತ್ತಿದ್ದ ಪಟ್ಟಿಯಲ್ಲಿ ಮೀನು ಮಾರುವ ಹೆಂಗಸರು, ದೋಣಿಯಲ್ಲಿ ದುಡಿಯುವವರು, ಮಂಜುಗಡ್ಡೆ ಸ್ಥಾವರದ ಕೆಲಸಗಾರರು ಇದ್ದಿರಲೇಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆ ದಿನಗಳಲ್ಲಿ ಸಂಗ್ರಹ ಎಷ್ಟು ಇಳಿಯುತ್ತದೆ? ದಿನದ ಕಂತು ಸಣ್ಣದಾಗುತ್ತದೆಯೇ, ಅಥವಾ ಕಂತು ಹಾಗೆಯೇ ಇದ್ದು ಕಟ್ಟುವ ದಿನಗಳು ಕಡಿಮೆಯಾಗುತ್ತವೆಯೇ? ಪಿಗ್ಮಿಯ ಮೇಲೆ ಸಾಲ ಎತ್ತುವವರ ಸಂಖ್ಯೆ ಅದೇ ವೇಳೆಗೆ ಏರುತ್ತದೆಯೇ? ಆದಾಯ ಏರಿಳಿದಾಗ ಮನೆಯ ಉಳಿತಾಯ ಹೇಗೆ ನಡೆದುಕೊಳ್ಳುತ್ತದೆ ಎಂದು ನಿಮ್ಮ ಪಠ್ಯಪುಸ್ತಕ ಕೇಳುವುದೂ ಇದನ್ನೇ.

ಈ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು, ಮೂರು ವರ್ಷಗಳ ತಿಂಗಳುವಾರು ಮೊತ್ತವನ್ನು ಗ್ರಾಹಕರ ಹೆಸರು, ಖಾತೆಸಂಖ್ಯೆಗಳನ್ನು ಬಿಟ್ಟು ಒದಗಿಸಲು ಸಾಧ್ಯವೇ ಎಂದು ಸಂಘದ ಕಾರ್ಯದರ್ಶಿಯವರನ್ನು ಕೇಳಿ. ಅವರು ಒಪ್ಪಿದರೆ ಆ ಪತ್ರವನ್ನೂ ನಿಮ್ಮ ಪುಟವನ್ನೂ ವಿಭಾಗ ಮುಖ್ಯಸ್ಥರ ಮುಂದಿಟ್ಟು, ಹೊಸದಾಗಿ 60 ಗಂಟೆಗಳ, 2 ಕ್ರೆಡಿಟ್‌ನ ಇಂಟರ್ನ್‌ಶಿಪ್‌ಗೆ ನಿಮ್ಮ ನಿಯಮಾವಳಿಯಲ್ಲಿ ಅವಕಾಶವಿದೆಯೇ ಎಂದು ಲಿಖಿತವಾಗಿ ವಿಚಾರಿಸಿ. ಒಪ್ಪಿಗೆ ಸಿಕ್ಕ ದಿನದಿಂದ ದಿನಚರಿ ಬರೆಯಿರಿ. ‘ಕಚೇರಿ ಕೆಲಸ ಮಾಡಿದೆ’ ಎಂಬ ಒಂದೇ ಸಾಲು ಮೂವತ್ತು ದಿನವೂ ಬರೆದಿದ್ದ ದಿನಚರಿಗಳನ್ನು ನಾನು ಅಧ್ಯಾಪಕನಾಗಿದ್ದಾಗ ಬೇಕಾದಷ್ಟು ನೋಡಿದ್ದೇನೆ. ಅವುಗಳಿಗೆ ಸಹಿ ಹಾಕುವಾಗ ಕೈ ಹಿಂಜರಿಯುತ್ತಿತ್ತು.

ಪ್ರಶ್ನೆ: ಆನ್‌ಲೈನ್ ಸಂಸ್ಥೆಯೊಂದು ಹಣ ಕಟ್ಟಿದರೆ ‘ಅರ್ಥಶಾಸ್ತ್ರದ ಇಂಟರ್ನ್‌ಶಿಪ್’ ಕೊಟ್ಟು, ಕ್ರೆಡಿಟ್‌ಗಳನ್ನು ಮಗನ ಖಾತೆಗೆ ತಾನೇ ಜಮಾ ಮಾಡಿಸುವುದಾಗಿ ಹೇಳುತ್ತಿದೆ. ಕಟ್ಟಬಹುದೇ? ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೆ ಅವನು ಅರ್ಜಿ ಹಾಕಬಹುದೇ?
– ತಂದೆ, ಬಂಟ್ವಾಳ

ಉತ್ತರ: ಕಟ್ಟಬೇಡಿ. ವಿದ್ಯಾರ್ಥಿಗಳು ಗಳಿಸಿದ ಕ್ರೆಡಿಟ್‌ಗಳನ್ನು ದಾಖಲಿಸಿಡಲು 2021ರಲ್ಲಿ ಬಂದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನಲ್ಲಿ ವಿದ್ಯಾರ್ಥಿಯ ಖಾತೆಗೆ ಕ್ರೆಡಿಟ್ ಜಮಾ ಮಾಡುವ ಅಧಿಕಾರ ಇರುವುದು ನೋಂದಾಯಿತ ಶಿಕ್ಷಣ ಸಂಸ್ಥೆಗೆ. ವಿದ್ಯಾರ್ಥಿ ತಾನೇ ಕೊಂಡೊಯ್ದ ಪ್ರಮಾಣಪತ್ರವನ್ನು ಸಹ ಆ ಬ್ಯಾಂಕು ನೇರವಾಗಿ ಸ್ವೀಕರಿಸುವುದಿಲ್ಲ. ಇನ್ನು ಪ್ರಧಾನಮಂತ್ರಿ ಯೋಜನೆಯು 2024ರಲ್ಲಿ ಆರಂಭವಾದಾಗ 12 ತಿಂಗಳ ಅವಧಿಯದ್ದಾಗಿತ್ತು; ಪೂರ್ಣಾವಧಿ ವ್ಯಾಸಂಗದಲ್ಲಿರುವವರಿಗೆ ಆಗ ಅದರಲ್ಲಿ ಅವಕಾಶವಿರಲಿಲ್ಲ. ಅರ್ಜಿ ಹಾಕುವ ಮೊದಲು ಈಗಿನ ನಿಯಮವನ್ನು ನೋಡಿಕೊಳ್ಳಿ.

ಪ್ರಶ್ನೆ: ನನ್ನ ಸೋದರಮಾವ ಮಂಗಳೂರು ಬಂದರಿನಲ್ಲಿ ಅಡಿಕೆ ವ್ಯಾಪಾರಿ. ಅವರ ಅಂಗಡಿಯಲ್ಲಿಯೇ ಇಂಟರ್ನ್‌ಶಿಪ್ ಮಾಡಿದರೆ ಕಾಲೇಜು ಒಪ್ಪುತ್ತದೆಯೇ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಮಾವ ಸಹಿ ಮಾಡಿದ ಪ್ರಮಾಣಪತ್ರವನ್ನು ಯಾವ ಮಾರ್ಗದರ್ಶಕರೂ ಸಂಶಯವಿಲ್ಲದೆ ಓದಲಾರರು. ಸಹಕಾರಿ ಸಂಸ್ಥೆಯನ್ನೋ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯನ್ನೋ ವಿಚಾರಿಸಿ, ಮಾವನ ಅಂಗಡಿಯನ್ನು ವಿಷಯ ತಿಳಿಯುವುದಕ್ಕೆ ಇಟ್ಟುಕೊಳ್ಳಿ. ಅಲ್ಲಿ ಗೋಣಿಚೀಲಗಳ ಮುಂದೆ ಕುಳಿತರೆ ಹೊಸ ಅಡಿಕೆಗೆ ಒಂದು ದರ, ವರ್ಷ ಕಳೆದ ಸಿಂಗಲ್ ಚೋಲ್‌ಗೆ ಇನ್ನೊಂದು, ಅದಕ್ಕೂ ಹಳೆಯದಾದ ಡಬಲ್ ಚೋಲ್‌ಗೆ ಮತ್ತೊಂದು ದರ ಕೂಗುವುದನ್ನು ಕೇಳುತ್ತೀರಿ. ಅಡಿಕೆಯನ್ನು ಒಂದು ವರ್ಷ ಮನೆಯ ಅಟ್ಟದಲ್ಲಿ ಇಟ್ಟುಕೊಂಡ ಬೆಳೆಗಾರನಿಗೆ ಸಿಗುವ ಹೆಚ್ಚುವರಿ ದರವು, ಅದೇ ವರ್ಷ ಅವನು ಸೊಸೈಟಿಯ ಬೆಳೆಸಾಲಕ್ಕೆ ಕಟ್ಟುವ ಬಡ್ಡಿ ಮತ್ತು ಒಣಗಿ, ಹುಳ ಹಿಡಿದು ಕಡಿಮೆಯಾಗುವ ತೂಕ, ಇವೆರಡನ್ನೂ ತುಂಬಿಕೊಡುತ್ತದೆಯೇ? ಮಾವನ ದರಪುಸ್ತಕದಲ್ಲಿ ಐದು ವರ್ಷಗಳ ದಾಖಲೆ ಇದ್ದರೆ ಅದನ್ನು ಮಾರುಕಟ್ಟೆ ಸಮಿತಿಯ ದರಗಳೊಂದಿಗೆ ಹೋಲಿಸಿ ನೋಡಿ. ಪ್ರಸ್ತಾವವನ್ನು ಬರೆದು ವಿಭಾಗಕ್ಕೆ ಕೊಡಲು ಈ ಒಂದು ಪ್ರಶ್ನೆಯೇ ಸಾಕು. ಅಂಗಡಿಯ ಹೆಸರು ಅದರಲ್ಲಿ ಬಾರದಿರಲಿ.