ಮನೆ ಕಟ್ಟಲು ತಂದ ಮರಳನ್ನೇ ಮೀನಿನ ಟ್ಯಾಂಕಿಗೆ ಹಾಕಬಹುದಾ?

ಮಾಲೂರಿನಲ್ಲಿ ಮನೆ ಕೆಲಸ ನಡೆಯುತ್ತಿದೆ, ಮುಂದೆ ಒಂದು ಲೋಡ್ ಮರಳು ಬಿದ್ದಿದೆ. ಅದರಲ್ಲೇ ಎರಡು ಬಾಂಡ್ಲಿ ತೊಳೆದು 2 ಅಡಿ ಟ್ಯಾಂಕಿನ ನೀಲಿ ಕಲ್ಲಿನ ಬದಲು ಹಾಕಿದರೆ ಕೋರಿ ಮೀನುಗಳಿಗೆ (ಕೋರಿಡೋರಸ್, ತಳದಲ್ಲೇ ಓಡಾಡುವ ಮೀಸೆಯ ಸಣ್ಣ ಮೀನು) ಆಗುತ್ತಾ ಅಂತ ಕೇಳಿದ್ದೀರಿ. ಆಗಬಹುದು. ಆದರೆ ಅದು ಮರಳೇ ಹೌದಾ ಅಂತ ಮೊದಲು ನೋಡಿ. ತಮಾಷೆಗೆ ಹೇಳುತ್ತಿಲ್ಲ.

ನಾನು ಇರುವುದು ಕೋಲಾರ ಟೌನಿನಲ್ಲಿ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ ಅಂತ ನಿಮಗೂ ಗೊತ್ತು. ಪಾಲಾರ್ ಹೆಸರಿಗೆ ನದಿ. ಹಾಗಿದ್ದ ಮೇಲೆ ಇಷ್ಟೊಂದು ಮರಳು ಎಲ್ಲಿಂದ ಬರಬೇಕು? ಹೊಲದ, ಕೆರೆ ಅಂಗಳದ ಮಣ್ಣನ್ನು ನೀರು ಬಿಟ್ಟು ತೊಳೆದು ತೆಗೆದ ಫಿಲ್ಟರ್ ಮರಳೇ ಇಲ್ಲಿ ಬಹಳ ಕಾಲ ಓಡಿದೆ. ನಾನು ಮೊದಲ ಸಲ ಟ್ಯಾಂಕಿಗೆ ಹಾಕಿದ್ದೂ ಅದನ್ನೇ. ಕೊಟ್ಟವರು "ಹೊಳೆ ಮರಳು ಸಾರ್" ಅಂದರು, ನಾನೂ ನಂಬಿದೆ. ಇಪ್ಪತ್ತು ಸಲ ತೊಳೆದಿರಬಹುದು. ಆದರೂ ಎರಡು ವಾರ ಟ್ಯಾಂಕಿನ ನೀರು ಹಾಲು ಕಡಿಮೆ ಹಾಕಿದ ಟೀ ಬಣ್ಣದಲ್ಲೇ ಇತ್ತು. ಮೀನು ಇದೆಯೋ ಇಲ್ಲವೋ ಅಂತ ಟಾರ್ಚ್ ಬಿಟ್ಟು ನೋಡಬೇಕಿತ್ತು. ಜೇಡಿ ಮಣ್ಣಿನ ಕಣ ಅಷ್ಟು ಸಣ್ಣದು, ತಳಕ್ಕೆ ಕೂರುವುದೇ ಇಲ್ಲ. ಕೂತರೂ ಕೋರಿ ಮೂತಿ ಹಾಕಿದ ತಕ್ಷಣ ಮತ್ತೆ ಎದ್ದು ಬರುತ್ತದೆ.

ಅದಕ್ಕೆ ಈಗ ಯಾರು ಏನೇ ಹೇಳಲಿ, ಮೊದಲು ಬಾಟಲಿ ಪರೀಕ್ಷೆ ಮಾಡುತ್ತೇನೆ. ಒಂದು ಲೀಟರಿನ ಖಾಲಿ ನೀರಿನ ಬಾಟಲಿಗೆ ಕಾಲು ಭಾಗ ಮರಳು ಹಾಕಿ, ಮೇಲೆ ನೀರು ತುಂಬಿ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ನಿಜವಾದ ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಅದರ ಮೇಲೆ ಕೆಲವು ಗಂಟೆಗಳಲ್ಲಿ ಕೂರುವುದು ಮೆಕ್ಕಲು. ಮಾರನೇ ದಿನವೂ ನೀರು ಕೆಂಪಗೇ ಇದ್ದರೆ ಅದು ಜೇಡಿ. ಮರಳಿನ ಮೇಲೆ ತೆಳ್ಳಗೆ ಒಂದು ಗೆರೆಯಷ್ಟು ಮಣ್ಣು ಕೂತರೆ ಪರವಾಗಿಲ್ಲ, ತೊಳೆದರೆ ಹೋಗುತ್ತದೆ. ಬೆರಳು ದಪ್ಪದ ಪದರ ಕಂಡರೆ ಆ ಮರಳನ್ನು ಗೋಡೆಗೇ ಬಿಡಿ. (ಗೋಡೆಗೂ ಒಳ್ಳೆಯದಲ್ಲ, ಅದು ಬೇರೆ ಮಾತು.)

ನಿಮ್ಮ ರಾಶಿ ಬೂದು ಬಣ್ಣದಲ್ಲಿದ್ದರೆ ಅದು ಎಂ-ಸ್ಯಾಂಡ್, ಅಂದರೆ ಕ್ರಷರ್‌ನಲ್ಲಿ ಪುಡಿ ಮಾಡಿದ ಗ್ರಾನೈಟ್. ಗ್ರಾನೈಟ್ ನೀರನ್ನು ಕೆಡಿಸುವುದಿಲ್ಲ. ತೊಂದರೆ ಇರುವುದು ಅಂಚಿನಲ್ಲಿ. ಹೊಳೆಯಲ್ಲಿ ಉರುಳಿ ಉರುಳಿ ಬಂದ ಕಾಳು ದುಂಡಗಿರುತ್ತದೆ, ಒಡೆದ ಕಲ್ಲಿನ ಕಾಳು ಚೂಪಾಗಿರುತ್ತದೆ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿ ಮಾಡಿ ನೋಡಿ, ಚುಚ್ಚಿದರೆ ಗೊತ್ತಾಗುತ್ತದೆ. ಕೋರಿ ಮರಳನ್ನು ಬಾಯಿಗೆ ಎಳೆದುಕೊಂಡು ಕಿವಿರಿನಿಂದ ಹೊರಗೆ ಬಿಡುವ ಮೀನು. ದಿನವಿಡೀ ಅದಕ್ಕೆ ಅದೇ ಕೆಲಸ. ಚೂಪು ಕಾಳಿನ ಮೇಲೆ ಅದರ ಮೀಸೆ ಸವೆಯಬಹುದು. ಗಪ್ಪಿ, ಮಾಲಿ, ಟೆಟ್ರಾ ಮಾತ್ರ ಸಾಕುವವರಾಗಿದ್ದರೆ ಎಂ-ಸ್ಯಾಂಡ್ ಬೇಡ ಅಂತ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ.

ಇನ್ನೆರಡು ಸಣ್ಣ ಪರೀಕ್ಷೆ ಇವೆ. ಒಂದು ಚಮಚ ಮರಳನ್ನು ಮೊದಲು ನೀರಲ್ಲಿ ನೆನೆಸಿ, ನೀರು ಬಸಿದು ಮೇಲೆ ವಿನೆಗರ್ ಹಾಕಿ. ಒಣ ಮರಳಿಗೆ ಹಾಕಿದರೆ ಒಳಗಿನ ಗಾಳಿಯೇ ಗುಳ್ಳೆಯಾಗಿ ಬಂದು ಮೋಸ ಮಾಡುತ್ತದೆ, ಅದಕ್ಕೆ ನೆನೆಸುವುದು. ಆಮೇಲೂ ಬುಸುಬುಸು ಅಂತ ನೊರೆ ಬಂದರೆ ಸುಣ್ಣದ ಅಂಶ ಇದೆ ಅಂತ ಅರ್ಥ. ಕೆರೆ ಕಡೆಯ ಮರಳಿನಲ್ಲಿ ಸುಣ್ಣಕಲ್ಲಿನ ಚೂರು, ಬಸವನಹುಳುವಿನ ಚಿಪ್ಪು ಇರುವುದು ಮಾಮೂಲು. ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು. ಅದರ ಮೇಲೆ ಇದೂ ಸೇರಿ ಗಡಸುತನ ಇನ್ನೂ ಏರುವುದು ಬೇಡ. ಸಮುದ್ರದ ಮರಳು ಬೇಡ ಅನ್ನುವುದಕ್ಕೂ ಇದೇ ಕಾರಣ, ಜೊತೆಗೆ ಉಪ್ಪು. ಎರಡನೆಯದು ಅಯಸ್ಕಾಂತ. ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮರಳಿನಲ್ಲಿ ಓಡಾಡಿಸಿ. ಚಿಕ್ಕವರಿದ್ದಾಗ ಮಳೆ ನಿಂತ ಮೇಲೆ ಮೋರಿ ಪಕ್ಕ ಕಪ್ಪು ಮರಳು ಹಿಡಿಯುತ್ತಿದ್ದೆವು, ಅಲ್ವಾ? ಅದೇ. ಈ ಕಬ್ಬಿಣದ ಕಾಳು ಮೀನಿಗೆ ಏನೂ ಮಾಡುವುದಿಲ್ಲ. ಆದರೆ ಫಿಲ್ಟರ್ ಮೋಟಾರಿನೊಳಗೆ ತಿರುಗುವ ಭಾಗವೇ ಒಂದು ಮ್ಯಾಗ್ನೆಟ್. ಅದಕ್ಕೆ ಕಾಳು ಅಂಟಿಕೊಂಡರೆ ಮೋಟಾರ್ ಕರಕರ ಅನ್ನಲು ಶುರು ಮಾಡುತ್ತದೆ.

ಕೆಜಿಎಫ್ ಕಡೆ ನೆಂಟರಿದ್ದರೆ ಒಂದು ಮಾತು. ಅಲ್ಲಿನ ಸೈನೈಡ್ ದಿಬ್ಬಗಳ ಪುಡಿ ನೋಡಲು ಬಹಳ ನುಣ್ಣಗೆ ಚೆನ್ನಾಗಿರುತ್ತದೆ. ಅದು ಮರಳಲ್ಲ. ಅದಿರನ್ನು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದದ್ದು. ಗಣಿ 2001ರಲ್ಲೇ ಮುಚ್ಚಿದರೂ ದಿಬ್ಬ ಹಾಗೇ ಇದೆ. ಟ್ಯಾಂಕಿಗಂತೂ ಬೇಡ, ಮನೆಗೂ ತರಬೇಡಿ.

ನಾನು ಈಗ ಬಳಸುವುದು ನೀರಿನ ಫಿಲ್ಟರಿಗೆ ತುಂಬುವ ಬೆಣಚು ಕಲ್ಲಿನ ಮರಳು. ಅಂಗಡಿಯಲ್ಲಿ ಸಿಲಿಕಾ ಸ್ಯಾಂಡ್ ಅಂದರೆ ಕೊಡುತ್ತಾರೆ. ಊರೂರಿನ ಶುದ್ಧ ನೀರಿನ ಘಟಕಗಳಲ್ಲಿ ದೊಡ್ಡ ಸಿಲಿಂಡರಿನೊಳಗೆ ಇರುತ್ತದಲ್ಲ, ಅಂಥದ್ದೇ. ವಾಟರ್ ಫಿಲ್ಟರ್ ರಿಪೇರಿ ಮಾಡುವವರನ್ನು ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಕಾಳು ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಇರಲಿ, ಹೆಚ್ಚುಕಡಿಮೆ ಬನ್ಸಿ ರವೆಯಷ್ಟು. ಮೈದಾ ಥರ ನುಣುಪಾಗಿದ್ದರೆ ಗಟ್ಟಿಯಾಗಿ ಕೂತುಬಿಡುತ್ತದೆ. ಇದನ್ನೂ ಮುಷ್ಟಿ ಹಿಡಿದು ನೋಡಿಯೇ ತನ್ನಿ, ಕೆಲವು ಕಡೆ ಒಡೆದ ಕಲ್ಲಿನದ್ದೇ ಸಿಗುತ್ತದೆ.

ಎಷ್ಟು ಬೇಕು? ನಿಮ್ಮ ಟ್ಯಾಂಕಿನ ತಳ 60 ಸೆಂಟಿಮೀಟರ್ ಉದ್ದ, 30 ಅಗಲ ಅಂದುಕೊಳ್ಳೋಣ. 4 ಸೆಂಟಿಮೀಟರ್ ದಪ್ಪ ಹಾಕಿದರೆ ಸುಮಾರು 7 ಲೀಟರ್ ಮರಳು, ತೂಕ 11 ಕೆಜಿ ಆಗಬಹುದು. ಸ್ಟ್ಯಾಂಡ್ ಗಟ್ಟಿ ಇದೆಯಾ ನೋಡಿಕೊಳ್ಳಿ. 5 ಸೆಂಟಿಮೀಟರಿಗಿಂತ ಜಾಸ್ತಿ ಬೇಡ.

ತೊಳೆಯುವುದು ಅಂದರೆ ನಮ್ಮಜ್ಜಿ ಅಕ್ಕಿ ಜಾಲಿಸುತ್ತಿದ್ದ ಹಾಗೆ, ಅಷ್ಟೇ. ಮೊದಲು ಜರಡಿ ಹಿಡಿದು ಕಲ್ಲು, ಬೇರು, ಸಿಮೆಂಟ್ ಚೂರು ತೆಗೆಯಿರಿ. ಬಕೆಟ್ಟಿಗೆ ಕಾಲು ಭಾಗಕ್ಕಿಂತ ಜಾಸ್ತಿ ಮರಳು ಹಾಕಬೇಡಿ. ಎಲ್ಲರೂ ತಪ್ಪು ಮಾಡುವುದು ಇಲ್ಲೇ. ತುಂಬಾ ಹಾಕಿದರೆ ಕೆಳಗಿನ ಮರಳು ತೊಳೆಯುವುದೇ ಇಲ್ಲ. ನೀರು ಬಿಟ್ಟು ಕೈ ತಳದವರೆಗೆ ಹಾಕಿ ಕಲಕಿ, ಐದು ಎಣಿಸಿ, ಮೇಲಿನ ನೀರನ್ನು ಸರಕ್ಕನೆ ಬಗ್ಗಿಸಿ. ಮರಳು ಉಳಿಯುತ್ತದೆ, ಮಣ್ಣು ಹೋಗುತ್ತದೆ. ಕಲಕಿದಾಗಲೂ ತಳದ ಮರಳು ಕಾಣುವಷ್ಟು ನೀರು ತಿಳಿಯಾದರೆ ಸಾಕು. ಸೋಪು, ಡಿಟರ್ಜೆಂಟ್ ಒಂದು ಹನಿಯೂ ಬೇಡ, ಆ ಬಕೆಟ್ಟೂ ಬಟ್ಟೆ ನೆನೆಸಿದ್ದಾಗಿರಬಾರದು. ನೀರಿನ ಕಷ್ಟ ಎಲ್ಲರಿಗೂ ಇದ್ದದ್ದೇ. ನಾನು ಆ ನೀರನ್ನು ತೆಂಗಿನ ಬುಡಕ್ಕೆ ಹಾಕುತ್ತೇನೆ, ಬಚ್ಚಲಿಗೆ ಬಿಟ್ಟರೆ ಪೈಪ್ ಕಟ್ಟಿಕೊಳ್ಳುತ್ತದೆ. ಕೊನೆಗೆ ಕುದಿಯುವ ನೀರು ಒಂದು ಸಲ ಹುಯ್ದು, ತಾರಸಿ ಮೇಲೆ ಹರಡಿ ಎರಡು ಬಿಸಿಲು ಒಣಗಿಸಿ. ಬೆಕ್ಕು ಬರದ ಹಾಗೆ ಮೇಲೆ ಸೊಳ್ಳೆ ಪರದೆ ಹಾಕಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಮರಳು ಹಾಕುವ ಮುಂಚೆ ನಿಮ್ಮ ಟ್ಯಾಂಕಿನ ತಳದಲ್ಲಿ ತೂತಿನ ಪ್ಲಾಸ್ಟಿಕ್ ಪ್ಲೇಟ್ ಇದೆಯಾ ನೋಡಿ. ಕಲ್ಲಿನ ಕೆಳಗೆ ಇಟ್ಟು ಏರ್ ಪಂಪ್ ಕೊಡುವ ಫಿಲ್ಟರ್ ಅದು. ಅದರ ಮೇಲೆ ಮರಳು ನಡೆಯುವುದಿಲ್ಲ, ತೂತಿನಲ್ಲಿ ಇಳಿದು ಕಟ್ಟಿಕೊಳ್ಳುತ್ತದೆ. ಅದನ್ನು ತೆಗೆಯಬೇಕು ಅಂದರೆ ಒಂದು ಸ್ಪಂಜ್ ಫಿಲ್ಟರನ್ನು ಒಂದು ತಿಂಗಳು ಮುಂಚೆಯೇ ಅದೇ ಟ್ಯಾಂಕಿನಲ್ಲಿ ಓಡಿಸಿ. ಮೀನಿನ ಗಲೀಜನ್ನು ಅರಗಿಸುವ ಬ್ಯಾಕ್ಟೀರಿಯಾ ಹೆಚ್ಚಾಗಿ ನಿಮ್ಮ ನೀಲಿ ಕಲ್ಲಿನ ಮೇಲೇ ಇರುವುದು. ಎಲ್ಲಾ ಕಲ್ಲನ್ನೂ ಒಂದೇ ದಿನ ತೆಗೆದರೆ ಅಮೋನಿಯ ಏರಿ ಮೀನು ಸಾಯಬಹುದು. ಅರ್ಧ ಈಗ, ಉಳಿದರ್ಧ ಎರಡು ಮೂರು ವಾರ ಬಿಟ್ಟು ತೆಗೆಯಿರಿ.

ಮೀನು ಒಳಗಿರುವಾಗಲೇ ಮರಳು ಹಾಕಬೇಕಾದರೆ ಫಿಲ್ಟರ್ ಆಫ್ ಮಾಡಿ, ಒಂದು ಅಗಲದ ಪೈಪನ್ನು ತಳದವರೆಗೆ ಇಳಿಸಿ, ಒದ್ದೆ ಮರಳನ್ನು ಅದರೊಳಗೆ ಸ್ವಲ್ಪ ಸ್ವಲ್ಪವೇ ಬಿಡಿ. ಮೇಲಿಂದ ಸುರಿದರೆ ಇಷ್ಟು ತೊಳೆದದ್ದೂ ದಂಡ. ಆಮೇಲೆ ನೀರು ತುಂಬುವಾಗ ಮರಳಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ಬೀಳುವ ಹಾಗೆ ನಿಧಾನಕ್ಕೆ ಬಿಡಿ. ಮಬ್ಬು ತಿಳಿಯಾಗಲು ಒಂದೆರಡು ದಿನ ಬೇಕು, ಗಾಬರಿ ಬೇಡ. ಏರ್ ಪಂಪಿನ ಸ್ಪಂಜನ್ನು ಆವತ್ತೇ ಆನ್ ಮಾಡಬಹುದು. ಮೋಟಾರ್ ಫಿಲ್ಟರ್ ಇದ್ದರೆ ಅದರ ಬಾಯಿ ಮರಳಿನಿಂದ ನಾಲ್ಕು ಬೆರಳು ಮೇಲಿರಲಿ.

ವಾರಕ್ಕೊಮ್ಮೆ ಒಂದು ಕಡ್ಡಿಯಿಂದ ಮರಳನ್ನು ಮೆಲ್ಲಗೆ ಕೆದಕುತ್ತಿರಿ. ಗಾಜಿನ ಬದಿಯಲ್ಲಿ ಕಪ್ಪು ಮಚ್ಚೆ ಕಂಡು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಗಾಳಿಯಾಡುತ್ತಿಲ್ಲ ಅಂತ. ಮರಳು ದಪ್ಪವಾಯಿತು, ಇಲ್ಲವೇ ನೀವು ಊಟ ಜಾಸ್ತಿ ಹಾಕುತ್ತಿದ್ದೀರಿ. ಮರಳು ಎಷ್ಟೇ ನುಣುಪಾಗಿರಲಿ, ಗಲೀಜಾಗಿದ್ದರೆ ಕೋರಿಯ ಮೀಸೆ ಹೋಗಿಯೇ ಹೋಗುತ್ತದೆ. ಗಲೀಜು ಎಳೆದು ತೆಗೆಯುವ ಸೈಫನ್ ಪೈಪನ್ನು ಮರಳಿಗೆ ಚುಚ್ಚಬೇಡಿ, ಒಂದು ಇಂಚು ಮೇಲೆ ಆಡಿಸಿ. ಹಿಕ್ಕೆ ಮಾತ್ರ ಮೇಲೇಳುತ್ತದೆ.

ಬಾಟಲಿ ಪರೀಕ್ಷೆಯ ಫೋಟೋ ಹಾಕಿ, ನೋಡಿ ಹೇಳುತ್ತೇನೆ.