ಜಪಾನಿಗೆ ಹೋಗಿ ಎಂಟು ದಿನ ಹೆದ್ದಾರಿಯಲ್ಲೇ ಕಳೆಯಬೇಡಿ

ಪ್ರಶ್ನೆ: ನಾವು ನಾಲ್ವರು ಕಾಲೇಜು ಗೆಳತಿಯರು. ಮೇ ತಿಂಗಳಲ್ಲಿ ಎಂಟು ದಿನ ಜಪಾನಿಗೆ ಹೊರಟಿದ್ದೇವೆ. ಟೋಕಿಯೊದಲ್ಲಿ ಕಾರು ಬಾಡಿಗೆಗೆ ತಗೊಂಡು ಕ್ಯೋಟೊ, ಹಿರೋಶಿಮಾವರೆಗೆ ಹೋಗುತ್ತಾ ಹಳ್ಳಿಗಾಡು ನೋಡಬೇಕೆಂಬ ಆಸೆ. ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತಾ? ಒಬ್ಬಳು ಶುದ್ಧ ಸಸ್ಯಾಹಾರಿ, ಅವಳ ಊಟಕ್ಕೆ ಏನು ಮಾಡೋದು?
- ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಲೈಸೆನ್ಸ್ ವಿಷಯ ಮೊದಲು ಮುಗಿಸೋಣ. ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ನಮ್ಮಲ್ಲಿ ಕೊಡುವುದು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪರ್ಮಿಟ್. ಜಪಾನ್ ಒಪ್ಪುವುದೂ ಅದನ್ನೇ. ಜೊತೆಗೆ ಮೂಲ ಲೈಸೆನ್ಸ್, ಪಾಸ್‌ಪೋರ್ಟ್ ಕೈಯಲ್ಲಿರಲಿ. ಅಲ್ಲೂ ನಮ್ಮ ಹಾಗೆಯೇ ಎಡಗಡೆ ಓಡಿಸುವುದು, ಭಯ ಬೇಡ.

ಆದರೆ ನಿಮ್ಮ ದಾರಿ ಬದಲಿಸಿ ಅಂತ ಕೇಳಿಕೊಳ್ಳುತ್ತೇನೆ. ನಾನು ಕೆಲವು ವರ್ಷ ಫುಕುವೊಕಾ ನಗರದಲ್ಲಿದ್ದೆ. ಮೊದಲ ವರ್ಷ ನಾವು ಗೆಳತಿಯರೂ ಹೀಗೇ ಉದ್ದದ ದಾರಿ ಹಿಡಿದಿದ್ದೆವು. ಕಂಡದ್ದು ಸುರಂಗ, ಮತ್ತೆ ಸುರಂಗ, ಆಮೇಲೆ ಸದ್ದು ತಡೆಯಲು ಕಟ್ಟಿದ ಎತ್ತರದ ಗೋಡೆ. ಟೋಕಿಯೊದಿಂದ ಹಿರೋಶಿಮಾಕ್ಕೆ ಸುಮಾರು 800 ಕಿಲೋಮೀಟರ್. ಟೋಲೂ ಜಾಸ್ತಿ. ಆ ದೂರಕ್ಕೆ ರೈಲೇ ಸರಿ.

ಕಾರು ಬೇಕೇ ಬೇಕಾದ ಜಾಗ ಅಂದರೆ ದಕ್ಷಿಣದ ಕ್ಯೂಶೂ ದ್ವೀಪದ ಅಸೋ. ಫುಕುವೊಕಾದಿಂದ ಎರಡೂವರೆ ಗಂಟೆ ಹಿಡಿಯುತ್ತದೆ. ಹಳೇ ಜ್ವಾಲಾಮುಖಿಯೊಂದು ಕುಸಿದು ಆದ ದೊಡ್ಡ ಬಟ್ಟಲು ಅದು. ಉತ್ತರ-ದಕ್ಷಿಣ 25 ಕಿಲೋಮೀಟರ್, ಪೂರ್ವ-ಪಶ್ಚಿಮ 18. ಅದರೊಳಗೇ ಊರುಗಳು, ಗದ್ದೆಗಳು, ರೈಲು ಹಳಿ. ನಡುವೆ ಇನ್ನೂ ಹೊಗೆಯಾಡುವ ನಾಕಾದಾಕೆ ಬೆಟ್ಟ. 936 ಮೀಟರ್ ಎತ್ತರದ ದಾಯ್ಕಾನ್‌ಬೋ ಅಂಚಿನಲ್ಲಿ ನಿಂತರೆ ಅಸೋದ ಐದು ಶಿಖರಗಳು ಬುದ್ಧ ಅಂಗಾತ ಮಲಗಿದಂತೆ ಕಾಣುತ್ತವೆ. ನನ್ನ ಗೆಳತಿ ಅಲ್ಲಿ ಅರ್ಧ ಗಂಟೆ ಮಾತೇ ಆಡಲಿಲ್ಲ.

ಅಲ್ಲಿಂದ ಯಮನಾಮಿ ಹೈವೇ ಹಿಡಿದು ಯುಫುಯಿನ್ ಊರಿನ ಕಡೆ ಹೋಗಿ. ಹೆಸರು ಹೈವೇ ಅಂತಿದ್ದರೂ ಹುಲ್ಲುಗಾವಲಿನ ನಡುವೆ ಸಾಗುವ ಎರಡು ಲೇನಿನ ರಸ್ತೆ. ಮಾಕಿನೊತೊ ಘಾಟಿಯಲ್ಲಿ 1,330 ಮೀಟರ್ ಎತ್ತರಕ್ಕೆ ಏರುತ್ತೀರಿ. ಅಸೋದ ಹುಲ್ಲುಗಾವಲಿಗೆ ಊರಿನವರು ಚಳಿಗಾಲ ಮುಗಿಯುವಾಗ ಬೆಂಕಿ ಕೊಡುತ್ತಾರೆ, ಹಾಗಾಗಿ ಮೇ ತಿಂಗಳಲ್ಲಿ ಎಳೆ ಹಸಿರು. ಕೆಳಗೆ ನಾಟಿಗೆ ನೀರು ನಿಲ್ಲಿಸಿದ ಗದ್ದೆಗಳು. ನೀವು ತೀರ್ಥಹಳ್ಳಿಯವರು, ಆ ಕೆಸರಿನ ವಾಸನೆ ನಿಮಗೆ ಗೊತ್ತೇ ಇದೆ ಅಲ್ವಾ! ಮೇ ಮೊದಲ ವಾರ ಅಲ್ಲಿ ಸಾಲು ರಜೆ, ಜನಜಾತ್ರೆ. ಜೂನ್‌ನಲ್ಲಿ ಮಳೆ ಶುರು. ಮೇ 10ರ ನಂತರ ಹೊರಡಿ.

ನಾಕಾದಾಕೆಯ ಕುಳಿಯ ಹತ್ತಿರ ಹೋಗುವ ದಾರಿಯನ್ನು ಗಂಧಕದ ಗಾಳಿ ಹೆಚ್ಚಾದಾಗ ಮುಚ್ಚುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಅಸ್ತಮಾ ಇದ್ದರೆ ದಯವಿಟ್ಟು ಕುಳಿಯ ಹತ್ತಿರ ಹೋಗಬೇಡಿ. ಕೆಳಗಿನ ಕುಸಾಸೆನ್ರಿ ಬಯಲಿನಲ್ಲಿ ಕುದುರೆ ಮೇಯುವುದನ್ನು ನೋಡುತ್ತಾ ಕೂರಬಹುದು. ನಾನೂ ಅಸ್ತಮಾ ಇದ್ದ ಗೆಳತಿಯ ಜೊತೆ ಅಲ್ಲೇ ಉಳಿದೆ.

ಓಡಿಸುವಾಗ ಮೂರು ಅಭ್ಯಾಸ ಬಿಡಬೇಕು. ಅಲ್ಲಿ ಫ್ರೀ ಲೆಫ್ಟ್ ಇಲ್ಲ. ಕೆಂಪು ದೀಪ ಇದ್ದರೆ ಎಡಕ್ಕೂ ತಿರುಗುವಂತಿಲ್ಲ. ತಲೆಕೆಳಗಾದ ಕೆಂಪು ತ್ರಿಕೋನದ ಫಲಕ ಕಂಡರೆ, ರಸ್ತೆ ಖಾಲಿ ಇದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ರೈಲ್ವೆ ಗೇಟು ತೆರೆದಿದ್ದರೂ ಅಷ್ಟೇ, ನಿಂತು ನೋಡಿ ದಾಟಬೇಕು. ಕುಡಿದು ಓಡಿಸಿದರೆ ಪಕ್ಕ ಕೂತವರಿಗೂ ಶಿಕ್ಷೆ ಆಗಬಹುದು.

ಇನ್ನು ಊಟ. ಕಷ್ಟ ಇದೆ, ಮುಚ್ಚಿಡುವುದಿಲ್ಲ. ಸಾರು, ಉದೋನ್ ನೂಡಲ್ಸ್, ಬೇಯಿಸಿದ ತರಕಾರಿ ಎಲ್ಲದಕ್ಕೂ 'ದಾಶಿ' ಹಾಕುತ್ತಾರೆ. ಸಾಮಾನ್ಯವಾಗಿ ಅದು ಒಣ ಮೀನಿನ ರಸ. 'ಮಾಂಸ ಬೇಡ' ಅಂದರೆ ಅವರು ಮೀನನ್ನು ಲೆಕ್ಕಕ್ಕೆ ಹಿಡಿಯದೇ ಇರಬಹುದು. ಮೀನು, ದಾಶಿ ಎರಡೂ ಬೇಡ ಅಂತ ಜಪಾನಿಯಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ. ಇಲ್ಲಿಂದ ಎಲೆಕ್ಟ್ರಿಕ್ ಕುಕ್ಕರ್ ಒಯ್ಯಬೇಡಿ. ಅಲ್ಲಿ ಕರೆಂಟು 100 ವೋಲ್ಟ್, ಅನ್ನ ಬೇಯುವುದಿಲ್ಲ. ಅಂಗಡಿಯಲ್ಲಿ ಅನ್ನದ ಪ್ಯಾಕೆಟ್ಟೇ ಸಿಗುತ್ತದೆ. ಚಟ್ನಿಪುಡಿ, ಪುಳಿಯೋಗರೆ ಪುಡಿ ಮಾತ್ರ ಮರೆಯಬೇಡಿ.

ದಾರಿಯಲ್ಲಿ 'ಮಿಚಿ-ನೊ-ಎಕಿ' ಅನ್ನುವ ತಂಗುದಾಣಗಳು ಸಿಗುತ್ತವೆ. 1993ರಲ್ಲಿ ಶುರುವಾಗಿ ಈಗ ದೇಶದ ತುಂಬ 1,200ಕ್ಕೂ ಹೆಚ್ಚು ಇವೆ. ಪಾರ್ಕಿಂಗ್, ಶೌಚಾಲಯ ದಿನವಿಡೀ ಉಚಿತ. ಸುತ್ತಲಿನ ರೈತರು ಬೆಳಿಗ್ಗೆ ತರಕಾರಿ ತಂದು, ತಮ್ಮ ಹೆಸರಿನ ಚೀಟಿ ಅಂಟಿಸಿ ಇಡುತ್ತಾರೆ. ಉಪ್ಪು ಹಾಕಿದ ಪ್ಲಮ್ ಹಣ್ಣು ತುಂಬಿದ ಅನ್ನದ ಉಂಡೆ ಕೇಳಿ. ಕಡಿದರೆ ನಮ್ಮ ಮಿಡಿ ಉಪ್ಪಿನಕಾಯಿಯ ಹುಳಿಯೇ ನೆನಪಾಗುತ್ತದೆ.

ಇನ್ನೂ ಚಿಕ್ಕ ರಸ್ತೆಗೆ ಇಳಿದರೆ ಮನೆ ಮುಂದೆ ಮರದ ಗೂಡು, ಒಳಗೆ ತರಕಾರಿ ಚೀಲ, ಪಕ್ಕದಲ್ಲಿ ಒಂದು ಡಬ್ಬಿ. ಮಾರುವವರು ಯಾರೂ ಇರುವುದಿಲ್ಲ. ನಾವು ನೂರು ಯೆನ್ ನಾಣ್ಯ ಹಾಕಿ ಒಂದು ಚೀಲ ಸೌತೆಕಾಯಿ ತಗೊಂಡೆವು. ಮೇಲೆ ಇನ್ನೂ ಇಬ್ಬನಿ ಇತ್ತು. ಕಾರಿನ ಬಾನೆಟ್ ಮೇಲೆ ಹೆಚ್ಚಿ ಚಟ್ನಿಪುಡಿ ಉದುರಿಸಿ ತಿಂದೆವು. ಚಿಲ್ಲರೆ ಜೇಬಲ್ಲಿ ಇಟ್ಟುಕೊಂಡೇ ಹೊರಡಿ.